ಇಂದಿನ ಧಮ್ಮ ಚಿಂತನೆ: ಗುಳೆ ಹೋಗುವ ಮನೆಯ ನಾಯಿ

 



ನಮ್ಮ ಕುಷ್ಟಗಿ, ಯಲಬುರ್ಗಾ ಕಡೆಯ ಮಳೆಯಾಶ್ರಿತ ಊರುಗಳಿಗೆ ಗುಳೆ ಹೊಸದಲ್ಲ. ಸುಗ್ಗಿ ಮುಗಿದರೆ, ಇಲ್ಲವೇ ಮಳೆ ಕೈಕೊಟ್ಟರೆ, ಮನೆಗೆ ಬೀಗ ಹಾಕಿ ಬೆಂಗಳೂರು, ಮಂಗಳೂರು, ಗೋವಾಕ್ಕೆ ದುಡಿಯಲು ಹೋಗುತ್ತಾರೆ. ಮಕ್ಕಳನ್ನು ಅಜ್ಜ-ಅಜ್ಜಿಯರ ಹತ್ತಿರ ಬಿಡುತ್ತಾರೆ. ಎಮ್ಮೆಯನ್ನು ಬೀಗರಿಗೆ ಒಪ್ಪಿಸುತ್ತಾರೆ. ನಾಯಿಯ ಮಾತು ಬಂದಾಗ ಮಾತ್ರ, "ಅದು ಹೆಂಗರ ಬದುಕ್ತೈತಿ ಬಿಡು" ಎಂದುಬಿಡುತ್ತಾರೆ.

ಒಂದೇ ಬಾಗಿಲಲ್ಲಿ ವರ್ಷಗಟ್ಟಲೆ ಉಂಡ ನಾಯಿ ಬೀಗ ಹಾಕಿದ ಬಾಗಿಲ ಮುಂದೆಯೇ ಕಾಯುತ್ತದೆ. ಬೇರೆ ಓಣಿಗೆ ಹೋದರೆ ಅಲ್ಲಿನ ನಾಯಿಗಳು ಬಿಡುವುದಿಲ್ಲ. ಹಸಿವು ತಾಳದೆ ಕೋಳಿಗೆ ಬಾಯಿ ಹಾಕಿದರೆ ಬಡಿಗೆ ಬೀಳುತ್ತದೆ.

ಹೊಟ್ಟೆಪಾಡಿಗೆ ಊರು ಬಿಡುವವರನ್ನು ದೂರುವುದು ನನ್ನ ಉದ್ದೇಶವಲ್ಲ. ಕಟ್ಟಡ ಕೆಲಸದ ಶೆಡ್ಡಿನಲ್ಲಿ ಮನುಷ್ಯರಿಗೇ ಜಾಗವಿರುವುದಿಲ್ಲ. ಸಾಕಲು ಆಗದಿದ್ದಾಗ ನಾಯಿಯನ್ನು ಇನ್ನೊಬ್ಬರಿಗೆ ಕೊಡುವುದು ತಪ್ಪಲ್ಲ. ಆದರೆ ಒಂದು ಕೈಯಿಂದ ಇನ್ನೊಂದು ಕೈಗೆ ಕೊಡುವುದು ಬೇರೆ, ಬೀದಿಗೆ ಬಿಡುವುದು ಬೇರೆ.

ಕೆಲವರು ಕೇಳಬಹುದು: "ಮಹಾಡದ ಚವದಾರ್ ಕೆರೆಯಲ್ಲಿ ನಾಯಿ ನೀರು ಕುಡಿಯಬಹುದಿತ್ತು, ನಮ್ಮವರು ಮುಟ್ಟುವಂತಿರಲಿಲ್ಲ. ನಮಗೆ ಸಿಗದ ದಯೆ ನಾಯಿಗೆ ಯಾಕೆ?" ಈ ಪ್ರಶ್ನೆಯ ಹಿಂದಿನ ನೋವು ನಿಜ. ಆದರೆ ಆ ಅನ್ಯಾಯ ಮಾಡಿದ್ದು ಜಾತಿ, ನಾಯಿ ಅಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ನಮ್ಮವರನ್ನು ಕೆರೆಗೆ ಕರೆದೊಯ್ದು ನೀರು ಕುಡಿದರು. ಪ್ರಾಣಿಗಳನ್ನು ಅಲ್ಲಿಂದ ಓಡಿಸಿರೆಂದು ಹೇಳಲಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ 13ನೆಯದು, ಎಲ್ಲ ಜೀವಿಗಳ ಮೇಲೆ ದಯೆಯಿಟ್ಟು ಅವನ್ನು ಕಾಪಾಡುವುದು. ಕರುಣೆ ಮನುಷ್ಯರ ಬಗೆಗಿನ ಪ್ರೀತಿ, ಮೈತ್ರಿ ಸಕಲ ಜೀವಿಗಳ ಬಗೆಗಿನ ಪ್ರೀತಿ ಎಂದು ಅವರು ಬಿಡಿಸಿ ಹೇಳಿದ್ದಾರೆ.

ಇನ್ನು "ಅದರ ಹಣೆಬರಹ" ಎಂಬ ಮಾತು. ನಮ್ಮ ಮುತ್ತಜ್ಜರಿಗೂ ಇದೇ ಮಾತು ಹೇಳಿದ್ದರು. ಬಡವರ ಸ್ಥಿತಿಗೆ ಹಿಂದಿನ ಜನ್ಮದ ಕರ್ಮವೇ ಕಾರಣ ಎನ್ನುವುದು ಸಮಾಜ ತನ್ನ ಹೊಣೆ ತಪ್ಪಿಸಿಕೊಳ್ಳುವ ದಾರಿ ಎಂದು ಬಾಬಾಸಾಹೇಬರು ಬರೆದರು. ಆ ಮಾತಿನ ಏಟು ತಿಂದ ನಾವು ಅದನ್ನೇ ನಮ್ಮನ್ನು ನಂಬಿದ ಜೀವಕ್ಕೆ ಹೇಳಬಹುದೇ? "ಎಲ್ಲ ಅನಿತ್ಯ, ಮೋಹ ಬಿಡಬೇಕು" ಎಂದರೂ ಅಷ್ಟೇ. ಮೋಹ ಬಿಟ್ಟರೆ ನಮ್ಮ ದುಃಖ ಕಡಿಮೆಯಾಗಬೇಕು. ನಮ್ಮ ಹೊಣೆ ಬಿಟ್ಟರೆ ಇನ್ನೊಂದು ಜೀವದ ದುಃಖ ಹೆಚ್ಚುತ್ತದೆ.

ಹಾಗಾದರೆ ಹೇಗೆ ಕೊಡಬೇಕು?

▪️ ಹೊರಡುವ ಹಿಂದಿನ ದಿನ ಹುಡುಕಬೇಡಿ. ಒಂದು ತಿಂಗಳು ಮೊದಲೇ ಕೇಳಿ.
▪️ ನಾಯಿ ಕಚ್ಚಿದ್ದರೆ, ಕಾಯಿಲೆಯಿದ್ದರೆ ಮುಚ್ಚಿಡಬೇಡಿ. ಸುಳ್ಳಾಡದಿರುವ ಶೀಲ ಇಲ್ಲಿಗೂ ಅನ್ವಯ.
▪️ ಪಶು ಆಸ್ಪತ್ರೆಯಲ್ಲಿ ರೇಬೀಸ್ ಲಸಿಕೆ ಹಾಕಿಸಿ, ಚೀಟಿಯನ್ನು ಹೊಸಬರಿಗೆ ಕೊಡಿ.
▪️ ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಅಗಲಿಸಬೇಡಿ.
▪️ ಸಾಕುವವರ ಕೈಯಿಂದಲೇ ನಾಲ್ಕು ದಿನ ರೊಟ್ಟಿ ಹಾಕಿಸಿ. ಅದರ ತಾಟು, ಹಾಸುವ ಗೋಣಿಚೀಲ ಜೊತೆಗೆ ಕಳಿಸಿ.
▪️ ವಾರದ ಮೇಲೆ ಫೋನ್ ಮಾಡಿ ವಿಚಾರಿಸಿ.

ಕಾನೂನೂ ಇದನ್ನೇ ಹೇಳುತ್ತದೆ. ಸರಿಯಾದ ಕಾರಣವಿಲ್ಲದೆ ಸಾಕಿದ ಪ್ರಾಣಿಯನ್ನು ಹಸಿವು-ನೀರಡಿಕೆಯಲ್ಲಿ ನರಳುವಂತೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ.

ಊರಲ್ಲೇ ಉಳಿಯುವ ನಮಗೂ ಪಾಲಿದೆ. ಗುಳೆ ಹೋಗುವವರ ನಾಯಿಯನ್ನು ಅವರು ತಿರುಗಿ ಬರುವ ತನಕ ನೋಡಿಕೊಳ್ಳುತ್ತೇವೆ ಎಂದು ಓಣಿಗೆ ಎರಡು ಮನೆಯವರು ಹೇಳಿದರೂ ಸಾಕು. ದಿನಕ್ಕೆ ಎರಡು ರೊಟ್ಟಿ, ಒಂದು ಬೋಗುಣಿ ನೀರು. ಕೊಪ್ಪಳದ ಗವಿಮಠದ ಬಂಡೆಯ ಮೇಲೆ ಅಶೋಕ ಬರೆಸಿದ್ದೂ ಇದೇ ಅರ್ಥದ ಮಾತು: ದೊಡ್ಡವರಿಗೆ ಮಾತ್ರವಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ದೊಡ್ಡ ಫಲ ಸಿಗುತ್ತದೆ.

ಇಂದಿನ ಅಭ್ಯಾಸ: ಈ ಸಲ ಹೊರಡುವ ನೆರೆಮನೆಯವರನ್ನು "ನಾಯಿ ಯಾರ ಹತ್ತಿರ ಬಿಡ್ತೀರಿ?" ಎಂದು ಒಮ್ಮೆ ಕೇಳಿ.

ಭವತು ಸಬ್ಬ ಮಂಗಲಂ 🙏