ಅಪ್ರಮಾದವೂ ಮಕ್ಕಳ ರಕ್ಷಣೆಯೂ

ಅಹಿಂಸಾವ್ರತದ ಸ್ಥಿರತೆಗಾಗಿ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಐದು ಭಾವನೆಗಳನ್ನು ಹೇಳಿರುವರು. ಮಾತಿನ ನಿಗ್ರಹ, ಮನಸ್ಸಿನ ನಿಗ್ರಹ, ನೋಡಿ ನಡೆಯುವುದು, ನೋಡಿ ವಸ್ತುಗಳನ್ನು ತೆಗೆದಿಡುವುದು, ನೋಡಿ ಉಂಡು ಕುಡಿಯುವುದು. ಇವು ಸೂಕ್ಷ್ಮಜೀವಿಗಳ ರಕ್ಷಣೆಗೆಂದು ಶ್ರಾವಕರೆಲ್ಲರೂ ಬಲ್ಲರು. ಮನೆಯ ಮಗುವೂ ಒಂದು ಜೀವವೆಂಬುದು ಮಾತ್ರ ಎಷ್ಟೋ ಸಲ ಮರೆತುಹೋಗುತ್ತದೆ.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಸೀಮೆಯ ತಂಬಾಕಿನ ಹೊಲಗಳನ್ನು ನೋಡಬೇಕು. ಮಳೆಯಲ್ಲೋ ಇಬ್ಬನಿಯಲ್ಲೋ ತೊಯ್ದ ಹಸಿ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ದೇಹವನ್ನು ಸೇರುತ್ತದೆ. ಎಲೆ ಮುರಿಯುವಲ್ಲಿ ಕೈಜೋಡಿಸಿದ ಮಗುವಿಗೆ ತಲೆಸುತ್ತು, ವಾಂತಿ. ಹಿರಿಯರು ಪಿತ್ತವೆಂದು ಭಾವಿಸಿ ನೆರಳಿನಲ್ಲಿ ಮಲಗಿಸುವರು. ತೊಯ್ದ ಬಟ್ಟೆ ಮೈಮೇಲೆಯೇ ಉಳಿದು ವಿಷ ಇಳಿಯುತ್ತಲೇ ಇರುತ್ತದೆ. ಬ್ಯಾರನ್ನಿನೊಳಗೆ ಕಾದ ತಗಡಿನ ಕೊಳವೆಗಳು, ಕೆ.ಆರ್. ನಗರದ ಗದ್ದೆಬಯಲಲ್ಲಿ ತುಂಬಿ ಹರಿಯುವ ನಾಲೆಗಳು. ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡದ ಜಾರುದಡವನ್ನು ಈಜು ಬಲ್ಲವನೂ ಏರುವುದು ಕಷ್ಟ.

ಕುಡಿಯುವ ನೀರಿನ ಹಳೆಯ ಬಾಟಲಿಗೆ ಕೀಟನಾಶಕವನ್ನು ಸುರಿದು ಮೂಲೆಯಲ್ಲಿಟ್ಟಿದ್ದನ್ನು ಮಗು ಕುಡಿದರೆ ದೋಷ ಯಾರದು? ಕೊಲ್ಲುವ ಸಂಕಲ್ಪ ಯಾರಿಗೂ ಇರಲಿಲ್ಲವೆಂಬ ಉತ್ತರ ಸಾಲದು; ಆಚಾರ್ಯರು ಹಿಂಸೆಯ ಬೇರನ್ನು ಪ್ರಮಾದದಲ್ಲಿ ಕಂಡವರು. ಮಗುವೂ ನೋಡದೆ ಕುಡಿಯಿತಲ್ಲವೇ ಎನ್ನಬಹುದು. ಆದರೆ ಎಂಟು ವರ್ಷ ತುಂಬದ ಮಗುವಿಗೆ ವ್ರತಗ್ರಹಣದ ಅರ್ಹತೆಯನ್ನೇ ಪರಂಪರೆ ಒಪ್ಪದು. ಕುಡಿದವನ ಪ್ರಮಾದಕ್ಕಿಂತ ಇಟ್ಟವನ ಪ್ರಮಾದ ಮೊದಲಿನದು. ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಹಿಂಸಾದಾನ, ಪ್ರಮಾದಚರ್ಯೆಗಳೆರಡನ್ನೂ ಅನರ್ಥದಂಡಗಳಲ್ಲಿ ಎಣಿಸಿರುವರು. ಅಷ್ಟಮಿ ಚತುರ್ದಶಿಗಳ ಉಪವಾಸಕ್ಕೆ ಅಣಿಯಾಗುವ ಗೃಹಸ್ಥನು ಹಿಂದಿನ ದಿನ ಕೊಟ್ಟಿಗೆಯ ಮೂಲೆಗಳನ್ನು ಶೋಧಿಸುವುದೂ ವ್ರತದ ಸಿದ್ಧತೆಯೇ.

ಮಗುವಿಗೆ ಕಲಿಸುವ ಬಗೆ ಯಾವುದು? ಗುಮ್ಮನನ್ನು ತೋರಿಸಿ ಹೆದರಿಸುವುದು ಸುಲಭ. ಆದರೆ ಹೆದರಿದ ಮಗು ಹಿರಿಯರ ಕಣ್ಣಿಗೆ ಅಂಜುತ್ತದೆಯೇ ಹೊರತು ನಾಲೆಗಲ್ಲ. ಕಣ್ಣು ತಪ್ಪಿದೊಡನೆ ಅಲ್ಲಿಗೇ ಓಡುತ್ತದೆ. ನೀರನ್ನು ಸೋಸುವಾಗ ಬಟ್ಟೆಯ ಅಂಚು ಹಿಡಿಯಲು ಕರೆದರೆ, ಕುಡಿಯುವ ಮುನ್ನ ನೋಡುವ ಅಭ್ಯಾಸ ತಾನಾಗಿ ಹತ್ತುತ್ತದೆ. ಸೌದೆಯ ರಾಶಿಯನ್ನು ಕೋಲಿನಿಂದ ತಟ್ಟಿ, ಇರುವೆಗಳು ಸರಿದವೇ ಎಂದು ನೋಡುವ ಮಗು ಅಡಿಯಲ್ಲಿ ಮಲಗಿದ ಹಾವನ್ನೂ ಕಾಣುತ್ತದೆ. ಇರುವೆಯನ್ನು ಕಾಯ್ದ ನೋಟವೇ ಕೈಯನ್ನೂ ಕಾಯುತ್ತದೆ.

ಇಷ್ಟಾಗಿಯೂ ಮಗು ಕೀಟನಾಶಕವನ್ನೋ ಸೀಮೆಎಣ್ಣೆಯನ್ನೋ ನುಂಗಿದ್ದಾದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು; ಹೆಸರಿನ ಚೀಟಿಯಿರುವ ಮೂಲ ಡಬ್ಬಿಯೂ ಜೊತೆಗಿರಬೇಕು. ವಿಷವನ್ನು ನೀರಿನ ಬಾಟಲಿಗೆ ಸುರಿದ ಮನೆಯಲ್ಲಿ ಆ ಡಬ್ಬಿ ಆಗಲೇ ಕಸದ ಪಾಲಾಗಿರುತ್ತದೆ.