ಕೇಳಿದ್ದನ್ನೇ ಮತ್ತೆ ಕೇಳಿದಾಗ

ವಿಜಯಪುರ, ತಿಕೋಟಾ, ಬಬಲೇಶ್ವರಗಳ ಮನೆಗಳಲ್ಲಿಯೂ ಹಿರಿಯರು ಇಂದು ಪದೇ ಪದೇ ಕೇಳುವ ಪ್ರಶ್ನೆಯೊಂದುಂಟು: ‘ಪೊಲೀಸರೆಂದು ಫೋನು ಬಂದಿದೆ, ಡಿಜಿಟಲ್ ಅರೆಸ್ಟ್ ಎನ್ನುತ್ತಾರೆ, ನಿಜವೇ?’ ಅಂತಹ ಬಂಧನವು ನಮ್ಮ ಕಾನೂನಿನಲ್ಲಿಲ್ಲ. ಓಟಿಪಿಯನ್ನು ಯಾರಿಗೂ ಹೇಳಬಾರದು. ಹಣ ಹೋಗಿದ್ದರೆ ಒಡನೆಯೇ 1930ಕ್ಕೆ ತಿಳಿಸಬೇಕು. ಉತ್ತರವು ಇಷ್ಟೇ. ಹೇಳುವವರಿಗೆ ಇದು ಹಳತು. ಭಯಗೊಂಡು ಕೇಳುವವರಿಗೆ ಪ್ರತಿಸಲವೂ ಹೊಸತು.

ಶ್ರೇಯಸ್ಕರವಾದುದೊಂದನ್ನು ನಿಶ್ಚಯಿಸಿ ಹೇಳೆಂದು ಗೀತೆಯ ಮೂರನೆಯ ಅಧ್ಯಾಯದ ಆರಂಭದಲ್ಲಿ ಕೇಳಿದ ಅರ್ಜುನನು ಐದನೆಯದರ ಆರಂಭದಲ್ಲಿ ಪುನಃ ಹಾಗೆಯೇ ಕೇಳಿದನು. ಶ್ರೀಕೃಷ್ಣನು ಬೇಸರಿಸದೆ ಪುನಃ ತಿಳಿಸಿದನು.

‘ನಿನ್ನೆಯೇ ಹೇಳಲಿಲ್ಲವೇ?’ ಎಂದು ಗದರಿದರೆ ಹಿರಿಯರು ನಾಳೆ ನಮ್ಮನ್ನು ಕೇಳಲಾರರು. ವಂಚಕನಾದರೋ ಗಂಟೆಗಟ್ಟಲೆ ಮಾತನಾಡಲು ಬೇಸರಿಸನು. ಆದ್ದರಿಂದ ಹತ್ತು ಬಾರಿ ಕೇಳಿದರೂ ಶಾಂತವಾಗಿ ಹೇಳುವುದು ಕಿರಿಯರ ಕರ್ತವ್ಯ.