ಹೊರುವ ಕಂಬಕ್ಕೂ ಒಂದು ಲೆಕ್ಕ

ನಮ್ಮ ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆ ಒಬ್ಬ ಹೆಣ್ಣುಮಗಳನ್ನು ಹೊಗಳಬೇಕಾದರೆ, "ಆಕಿ ಆ ಮನಿಗೆ ಕಂಬ ಇದ್ದಂಗ ನೋಡ್ರಿ" ಎನ್ನುತ್ತಾರೆ. ಕೇಳಿದವಳಿಗೆ ಹಿಗ್ಗಾಗುತ್ತದೆ. ಆ ಹಿಗ್ಗಿನಲ್ಲೇ ಇನ್ನೆರಡು ಕೊಡ ನೀರು ಹೆಚ್ಚಿಗೆ ಹೊರುತ್ತಾಳೆ. ಈ ಮಾತು ಹೊಗಳಿಕೆಯೋ, ಹೊರೆ ಹೊರಿಸುವ ಉಪಾಯವೋ? ಬಹಳ ದಿನಗಳಿಂದ ನನ್ನನ್ನು ಕಾಡಿದ ಪ್ರಶ್ನೆಯಿದು. ಉತ್ತರವನ್ನು ನಿಜವಾದ ಕಂಬಗಳಲ್ಲೇ ಹುಡುಕಿದರೆ ಹೇಗೆ?

ಗಂಗಾವತಿ ತಾಲ್ಲೂಕಿನ ಆನೆಗೊಂದಿಗೂ ಹಂಪಿಗೂ ನಡುವೆ, ವಿಠಲನ ಗುಡಿಯ ಸಮೀಪ, ತುಂಗಭದ್ರೆಯಲ್ಲಿ ವಿಜಯನಗರ ಕಾಲದ ಸೇತುವೆಯ ಕಲ್ಲುಕಂಬಗಳು ಸಾಲಾಗಿ ನಿಂತಿವೆ. ಮೇಲಿನ ಹಾಸು ಹೋಗಿ ಎಷ್ಟೋ ಕಾಲವಾಯಿತು. ಕಂಬಗಳು ಮಾತ್ರ ಪ್ರತಿ ಮಳೆಗಾಲದಲ್ಲೂ ಪ್ರವಾಹಕ್ಕೆ ಎದೆಕೊಟ್ಟು ಉಳಿದಿವೆ. ಇದೇ ಹೊಳೆಗೆ ಆನೆಗೊಂದಿಯಿಂದ ತಳವಾರಘಟ್ಟಕ್ಕೆ ಕಟ್ಟುತ್ತಿದ್ದ ತೂಗುಸೇತುವೆ 2009ರ ಜನವರಿ 22ರಂದು ಕುಸಿದು ಬಿತ್ತು. ಕೆಲಸದಲ್ಲಿದ್ದ ಕೂಲಿಕಾರರು ಪ್ರಾಣ ಕಳೆದುಕೊಂಡರು. ಭಾರವನ್ನು ನೆಲಕ್ಕೆ ಮುಟ್ಟಿಸುವ ದಾರಿ ಕಡಿದರೆ, ಸಾಯುವವರು ಆ ಭಾರದ ಕೆಳಗಿದ್ದವರು.

ಸೇತುವೆಯ ಕಂಬ ಏನೇನು ಮಾಡುತ್ತದೆ ನೋಡಿ. ಮೇಲಿನ ದಾರಿಯ ತೂಕ, ಅದರ ಮೇಲೆ ಹೋಗುವ ಗಾಡಿಗಳ ತೂಕ, ಪಕ್ಕದಿಂದ ನೂಕುವ ನೀರಿನ ಒತ್ತಡ, ಇಷ್ಟನ್ನೂ ಹೊತ್ತು ನೆಲಕ್ಕೆ ಇಳಿಸುತ್ತದೆ. ಆದರೆ ಇಷ್ಟೇ ತೂಕ ಎಂದು ಮೊದಲೇ ಲೆಕ್ಕ ಹಾಕಿದ ಮೇಲೆಯೇ ಅದನ್ನು ಕಟ್ಟುತ್ತಾರೆ. ಒಂದೇ ಕಂಬದಿಂದ ಹೊಳೆಗೆ ಸೇತುವೆಯಾಗುವುದಿಲ್ಲ. ಪಕ್ಕದ ಕಂಬ ಅರ್ಧ ಹೊತ್ತರೆ ಇದು ಅರ್ಧ ಹೊರುತ್ತದೆ. ನೀರು ಬರುವ ಕಡೆಯ ಮುಖವನ್ನು ಚೂಪು ಮಾಡಿರುತ್ತಾರೆ; ಹೊಳೆಯನ್ನು ತಡೆಯುವುದು ಅದರ ಕೆಲಸವಲ್ಲ, ಸೀಳಿ ದಾರಿ ಬಿಡುವುದು.

ಇನ್ನೊಂದು ಸಂಗತಿ ನಾವು ಹೆಂಗಸರು ತಿಳಿಯಬೇಕಾದದ್ದು. ಸೇತುವೆಗಳು ಬೀಳುವುದು ಮೇಲಿನ ತೂಕದಿಂದಲೇ ಅಲ್ಲ. ಹರಿಯುವ ನೀರು ಕಂಬದ ಬುಡದಲ್ಲಿ ಸುಳಿಯಾಗಿ, ಅಡಿಯ ಉಸುಕನ್ನು ಕೊರೆದು ಒಯ್ಯುತ್ತದೆ. ಮೇಲೆ ನಿಂತು ನೋಡುವವರಿಗೆ ಕಂಬ ನೆಟ್ಟಗೇ ಕಾಣುತ್ತದೆ. ಒಂದು ದಿನ ಅಡಿಪಾಯವೇ ಇಲ್ಲವಾಗಿರುತ್ತದೆ. ಆದ್ದರಿಂದ ಬಲ್ಲ ಎಂಜಿನಿಯರರು ಪ್ರವಾಹ ಇಳಿದ ಮೇಲೆ ಬುಡವನ್ನು ನೋಡಿಸುತ್ತಾರೆ. ನಮ್ಮ ಮನೆಗಳಲ್ಲಿ ಬಾಣಂತನ, ಬೇನೆ, ಸಾವು ಎಂಬ ಪ್ರವಾಹಗಳು ಇಳಿದ ಮೇಲೆ ಆ ಮನೆಯ 'ಕಂಬ'ದ ಬುಡ ನೋಡಿದವರು ಯಾರು? ಆಕೆ ಊಟ ಮಾಡಿದಳೇ, ನಿದ್ದೆ ಮಾಡಿದಳೇ ಎಂದು ಕೇಳಿದವರು ಯಾರು?

ಹತ್ತನೆಯ ತರಗತಿಯ ಹುಡುಗಿಯೊಬ್ಬಳ ತಾಯಿ ತೀರಿಕೊಂಡಾಗ ತಂದೆ ಶಾಲೆ ಬಿಡಿಸಲು ಬಂದ. ಕೆಟ್ಟವನೇನಲ್ಲ, ಕಣ್ಣಲ್ಲಿ ನೀರಿತ್ತು. "ಇನ್ನ ಮ್ಯಾಲ ನಮ್ಮ ಮನಿಗೆ ಆಕಿನ ಆಧಾರ್ರೀ ಅಕ್ಕೋರ" ಎಂದ. ಹದಿನೈದು ವರ್ಷದ ಮಗುವಿಗೆ ಅವನು ಗೌರವವನ್ನೇ ಕೊಡುತ್ತಿದ್ದ, ಆ ಗೌರವದ ಬೆಲೆ ಆಕೆಯ ಓದು. "ಮನಿಯಾಗ ಎಷ್ಟ ಮಂದಿ ಅದೀರಿ?" ಎಂದೆ. ಅಜ್ಜಿ, ದೊಡ್ಡ ಮಗ, ಸಣ್ಣ ಮಗ, ತಾನು ಎಂದ. "ಹಂಗಾರ ಕಂಬ ಒಂದ ಯಾಕ? ಐದು ಅದಾವಲ್ಲ" ಎಂದೆ. ಕುಳಿತು ಕೆಲಸಗಳನ್ನು ಎಣಿಸಿದೆವು. ಬೆಳಗಿನ ರೊಟ್ಟಿ ಅಜ್ಜಿಗೆ, ನೀರು ದೊಡ್ಡವನಿಗೆ, ಕಸ ಸಣ್ಣವನಿಗೆ, ಸಂತೆ ತಂದೆಗೆ. ಸಂಜೆಯ ಒಲೆ ಹುಡುಗಿಗೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ನೋಡೂನ್ರಿ" ಎಂದು ಹೋದ. ಹುಡುಗಿ ತಡವಾಗಿಯಾದರೂ ಶಾಲೆಗೆ ಬಂದಳು, ಪರೀಕ್ಷೆ ಬರೆದಳು. ದೊಡ್ಡ ಮಗ ನೀರು ತರಲು ನಾಚಿಕೊಂಡನಂತೆ, ತಂದಂತೂ ತಂದ.

ತ್ಯಾಗ ದೊಡ್ಡದು, ಅದಕ್ಕೆ ಲೆಕ್ಕ ಹಾಕಬಾರದು ಎನ್ನುವವರಿದ್ದಾರೆ. ತ್ಯಾಗದ ಮಾತನ್ನು ನಾನು ಹಗುರಾಗಿ ಕಾಣಲಾರೆ. ಆದರೆ ತಾನಾಗಿ ಕೊಟ್ಟದ್ದು ತ್ಯಾಗ. ಬೇರೆಯವರು ಹಂಚಿಕೊಳ್ಳದೆ ಉಳಿಸಿದ್ದು ಬರೀ ಉಳಿಕೆ ಕೆಲಸ. ಎರಡಕ್ಕೂ ಒಂದೇ ಹೆಸರು ಇಟ್ಟಿದ್ದರಿಂದಲೇ ಗೊಂದಲವಾಗಿದೆ.

2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಆಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. 1953ರಲ್ಲಿ ಮುಗಿದ ಆಣೆಕಟ್ಟು ಅದು. ನೀರೆಲ್ಲ ಹೋದರೆ ಬೆಳೆಯ ಗತಿಯೇನೆಂದು ರೈತರು ತಳಮಳಿಸಿದರು. ಆಗ ಮಾಡಿದ್ದೇನು? ಉಳಿದ ಗೇಟುಗಳನ್ನೂ ತೆರೆದು ಒತ್ತಡವನ್ನು ಹಂಚಿದರು. ಆಮೇಲೆ ಎಂಜಿನಿಯರ್ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಸುಮಾರು ಒಂದು ವಾರದೊಳಗೆ, ಆ ಎರಡು ಕಂಬಗಳ ನಡುವೆ ತಾತ್ಕಾಲಿಕ ಗೇಟನ್ನು ತುಂಡುತುಂಡಾಗಿ ಇಳಿಸಿದರು. ಕಡಿದ ಸರಪಳಿಗೆ "ಸ್ವಲ್ಪ ತಾಳಿಕೊಳ್ಳಬೇಕಿತ್ತು" ಎಂದು ಯಾರೂ ಬುದ್ಧಿ ಹೇಳಲಿಲ್ಲ. ಕಬ್ಬಿಣಕ್ಕೆ ತೋರಿದ ಈ ನ್ಯಾಯವನ್ನು ಮನೆಯ ಹೆಣ್ಣುಮಗಳಿಗೆ ತೋರಿಸಲು ನಮಗೆ ಕಷ್ಟವೇನು?

ಕಂಬವೆಂದು ಕರೆಯಿರಿ, ಬೇಡವೆನ್ನುವುದಿಲ್ಲ. ಕರೆಯುವ ಮೊದಲು ಆಕೆಯ ಮೇಲೆ ಎಷ್ಟಿದೆ, ಪಕ್ಕದಲ್ಲಿ ಯಾರಿದ್ದಾರೆ, ಬುಡದಲ್ಲಿ ಮಣ್ಣು ಉಳಿದಿದೆಯೇ ಎಂದು ನೋಡಿ. ಆ ಮೂರನ್ನು ನೋಡದವರಿಗೆ ಆ ಮಾತು ಆಡುವ ಹಕ್ಕಿಲ್ಲ.